ಹಿನ್ನೀರಿನ ಮೇಲೆ ಇಲ್ಲದ ಮಂಜು

ಯಾರಾದರೂ ಆಕಾಶವನ್ನೋ ನೀರನ್ನೋ ತೋರಿಸಿ ಏನಾದರೂ ಹೇಳಿದರೆ ತಕ್ಷಣ ಹೌದೆನ್ನುವುದು ನನಗೆ ಮೊದಲಿನಿಂದ ಅಂಟಿದ ಚಟ. ರಾಜಕೀಯದಲ್ಲಿ, ನೆಂಟರ ವಿಷಯದಲ್ಲಿ, ಉಪ್ಪಿಟ್ಟಿಗೆ ಈರುಳ್ಳಿ ಎಷ್ಟು ಬೀಳಬೇಕೆಂಬುದರಲ್ಲಿ ನಾನು ಸಾಕಷ್ಟು ವಾದ ಮಾಡುವವನೇ. ಆದರೆ ‘ಗಾಳಿ ಎಷ್ಟು ತಂಪಗಿದೆ’ ಎಂದು ಒಬ್ಬರು ಕಣ್ಣು ಮುಚ್ಚಿಕೊಂಡು ಹೇಳಿದರೆ, ಕತ್ತಿನ ಬೆವರು ಒರೆಸಿಕೊಳ್ಳುತ್ತಲೇ ಹೌದೆಂದುಬಿಡುತ್ತೇನೆ. ಒಬ್ಬರು ಸಂತೋಷವಾಗಿರುವಾಗ ನಡುವೆ ಸತ್ಯವನ್ನು ಎಳೆದು ತರುವುದು ಒರಟುತನ ಎಂದು ನಾನು ನಂಬಿದ್ದೆ. ಕಳೆದ ಚಳಿಗಾಲದಲ್ಲಿ ನನ್ನ ಈ ಸೌಜನ್ಯ ಒಂದು ಬಸ್ಸು ತುಂಬ ಜನರ ಜೀವಕ್ಕೆ ಬರುವುದರಲ್ಲಿತ್ತು. ಆಮೇಲೆ ಆ ನಂಬಿಕೆ ಸ್ವಲ್ಪ ಸಡಿಲಾಗಿದೆ.

ನನ್ನದು ಹೊಸಪೇಟೆಯಲ್ಲಿ ಒಂದು ಕನ್ನಡಕದ ಅಂಗಡಿ. ನಾನು ಡಾಕ್ಟರಲ್ಲ. ನಂಬರು ನೋಡುವುದು, ಗಾಜು ಕೂರಿಸುವುದು, ಮೂಗಿನ ಮೇಲಿಂದ ಜಾರುವುದನ್ನು ಬಿಗಿ ಮಾಡಿಕೊಡುವುದು, ಇಷ್ಟೇ ನನ್ನ ವಿದ್ಯೆ. ಅಂಗಡಿ ತೆರೆದ ಹೊಸದರಲ್ಲಿ, ಹಂಪಿಗೆ ಬರುವವರು ಕೊಳ್ಳಬಹುದೆಂಬ ಆಸೆಯಿಂದ ಒಂದು ದುರ್ಬೀನು ತರಿಸಿ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೆ. ಹಂಪಿಗೆ ಬಂದವರು ಕಲ್ಲುಗಳನ್ನು ಬರಿಗಣ್ಣಿನಲ್ಲೇ ನೋಡಿಕೊಂಡು ಹೋದರು. ದುರ್ಬೀನು ವರ್ಷಗಟ್ಟಲೆ ರಸ್ತೆಯ ಧೂಳನ್ನೇ ನೋಡುತ್ತ ಕುಳಿತು, ಕೊನೆಗೆ ನನ್ನ ಕೊರಳಿಗೇ ಬಿತ್ತು. ಅದನ್ನು ಅಲ್ಲಿಗೆ ಬೀಳಿಸಿದವನು ಹೊನ್ನೂರಪ್ಪ.

ಹೊನ್ನೂರಪ್ಪ ಸಂಡೂರಿನ ಕಡೆಯ ವಡ್ಡು ಎಂಬ ಹಳ್ಳಿಯವನು, ಸಂಸಾರ ಹೊಸಪೇಟೆಯಲ್ಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಜನರಲ್ ಶಿಫ್ಟಿನ ಗುತ್ತಿಗೆ ಕೆಲಸಗಾರರನ್ನು ದಿನಾ ಬೆಳಿಗ್ಗೆ ಕರೆದೊಯ್ಯುವ ಖಾಸಗಿ ಬಸ್ಸಿನ ಡ್ರೈವರ್. ಆರು ಚಳಿಗಾಲದ ಹಿಂದೆ ಹೆಂಡತಿಯ ಕನ್ನಡಕದ ಮುರಿದ ಕಡ್ಡಿ ಹಾಕಿಸಲು ಬಂದವನು ಕಪಾಟಿನ ಕಡೆ ಬೆರಳು ತೋರಿಸಿ ಕೇಳಿದ, “ಇದು ಯಾರಿಗ್ರಿ ಅಣ್ಣಾರ?”

“ಯಾರಿಗೂ ಇಲ್ಲಪ್ಪ. ಯಾರೂ ತಗೊಂಡಿಲ್ಲ.”

“ಹಂಗಾದ್ರ ಐತವಾರ ಅದನ್ನ ಹಾಕ್ಕೊಂಡು ನನ್ ಜೊತಿ ಬರ್ರಿ. ಹಿನ್ನೀರಿಗೆ ಬೀಗರು ಬಂದಾರ.”

ಬೀಗರೆಂದರೆ ಪಟ್ಟೆತಲೆಯ ಬಾತುಗಳು. ಹಿಮಾಲಯದ ಆಚೆಯಿಂದ ಬೆಟ್ಟಗಳ ಮೇಲೆ ಹಾರಿ ನಮ್ಮ ಡ್ಯಾಮಿನ ಹಿನ್ನೀರಿಗೆ ಬರುತ್ತವೆ. ಕರೆಯದೆ ಬರುತ್ತವೆ, ಹಿಂಡುಗಟ್ಟಿ ಬರುತ್ತವೆ, ಹೊಟ್ಟೆ ತುಂಬ ಮೇಯುತ್ತವೆ, ಬೇಸಿಗೆ ತಲೆಹಾಕುವ ಹೊತ್ತಿಗೆ ಹೇಳದೆ ಹೊರಟುಹೋಗುತ್ತವೆ. ಹೊನ್ನೂರಪ್ಪ ಇಟ್ಟ ಹೆಸರಿಗಿಂತ ಒಳ್ಳೆಯದು ನನಗೆ ಯಾವ ಪಕ್ಷಿ ಪುಸ್ತಕದಲ್ಲೂ ಸಿಕ್ಕಿಲ್ಲ.

ನಮ್ಮ ಕಡೆಯವರಿಗೆ ಸಮುದ್ರವೆಂದರೆ ಈ ಹಿನ್ನೀರೇ. ನಿಜವಾದ ಸಮುದ್ರದ ದಡ ಎಲ್ಲಿತ್ತೋ ಅಲ್ಲೇ ಇರುತ್ತದೆ. ನಮ್ಮ ದಡ ನಡೆದಾಡುತ್ತದೆ. ಮಳೆಗಾಲದ ಕೊನೆಯಲ್ಲಿ ನಾರಾಯಣದೇವರಕೆರೆಯ ಹತ್ತಿರ ನೀರು ರಸ್ತೆಯ ಮಗ್ಗುಲಿಗೇ ಬಂದು ನಿಂತಿರುತ್ತದೆ. ಕಾಲುವೆಗಳಿಗೆ ಬಿಡುತ್ತ ಬಿಡುತ್ತ, ಚಳಿಗಾಲದ ನಡುವಿಗೆ ಅದು ದೂರ ಸರಿದು, ತಾನು ಮಲಗಿದ್ದ ಜಾಗದಲ್ಲಿ ಎಳೆಹುಲ್ಲಿನ ಹಾಸಿಗೆ ಬಿಟ್ಟು ಹೋಗಿರುತ್ತದೆ. ಆ ಹುಲ್ಲಿನ ಮೇಲೆ ಒಂದು ಕಡೆ ಕುರಿಗಳು ಮೇಯುತ್ತವೆ, ಇನ್ನೊಂದು ಕಡೆ ಬಾತುಗಳು. ದೂರದಿಂದ ಯಾವುದು ಕುರಿ, ಯಾವುದು ಬಾತು ಎಂದು ನನಗೆ ಮೊದಮೊದಲು ತಿಳಿಯುತ್ತಿರಲಿಲ್ಲ. ಒಂದು ಕುರಿ ಹಾರಿಹೋದಾಗ ತಿಳಿಯಿತು.

ಹಳೆಯ ಕಾವ್ಯಗಳ ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ, ತಾವರೆಯ ದಂಟನ್ನು ಮಾತ್ರ ಮುಟ್ಟುತ್ತದೆ. ಅಂಥ ಹಂಸದ ಬಳಗದವೇ ಇರಬೇಕಾದ ಈ ಬಾತುಗಳು ಹುಲ್ಲು ಕಿತ್ತು ತಿನ್ನುವುದನ್ನು ನೋಡಿದ ದಿನ ನನಗೆ ಸ್ವಲ್ಪ ನಿರಾಸೆಯಾಯಿತು. ಆಮೇಲೆ ಯೋಚಿಸಿದೆ. ಮೋಡಕ್ಕಿಂತ ಎತ್ತರದಲ್ಲಿ, ಉಸಿರು ಸಿಕ್ಕದ ಗಾಳಿಯಲ್ಲಿ ರೆಕ್ಕೆ ಬಡಿದು ಬಂದ ಹಕ್ಕಿಗೆ ನೆಲಕ್ಕಿಳಿದ ಮೇಲೆ ಬೇಕಾಗಿರುವುದು ಊಟ. ಹಾಲು ಯಾವುದು, ನೀರು ಯಾವುದು ಎಂದು ವಿಚಾರ ಮಾಡುವಷ್ಟು ಬಿಡುವು ಕವಿಗಳಿಗಿದ್ದಿರಬಹುದು.

ಹೀಗೆ ನಮ್ಮ ಐತವಾರಗಳು ಶುರುವಾದವು. ನಮ್ಮೂರಿನ ಚಳಿಯನ್ನು ಬೇರೆ ಊರಿನವರು ಚಳಿ ಎಂದು ಒಪ್ಪುವುದಿಲ್ಲ. ಆದರೂ ನಾನು ಮಂಕಿಕ್ಯಾಪು, ಮಫ್ಲರು, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಅವನ ಬೈಕಿನ ಹಿಂದೆ ಕೂರುತ್ತಿದ್ದೆ. ದಡದಲ್ಲಿ ಒಂದು ಬಂಡೆಯಿದೆ. ಅದರ ಮೇಲೆ ಕುಳಿತರೆ ಬೆನ್ನಿಗೆ ಸಂಡೂರಿನ ಗುಡ್ಡಗಳ ಮೇಲಿಂದ ಬರುವ ಎಳೆಬಿಸಿಲು, ಎದುರಿಗೆ ನೀರು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಬಣ್ಣದ ಕೊಕ್ಕರೆಯೊಂದು ಏನನ್ನೋ ಮರೆತುಹೋದವರ ಹಾಗೆ ಮೊಣಕಾಲಿನವರೆಗೆ ನೀರಲ್ಲಿ ನಿಂತಿರುತ್ತದೆ. ಮೀನುಗಾರರ ತೆಪ್ಪವೊಂದು ತಿರುಗುತ್ತ ತಿರುಗುತ್ತ ಸಾಗುತ್ತದೆ. ಹೊನ್ನೂರಪ್ಪ ಹೆಚ್ಚು ಮಾತಾಡುವವನಲ್ಲ. ಕಿವಿ ಅವನದು ಬಲು ಚುರುಕು. ನಾನು ದುರ್ಬೀನಿನ ಗಾಲಿ ತಿರುಗಿಸುತ್ತಿರುವಷ್ಟರಲ್ಲೇ ಅವನು ಕೂಗಿನ ಮೇಲಿಂದ ಹಕ್ಕಿ ಯಾವುದು, ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳಿಬಿಡುತ್ತಿದ್ದ. ಎಂಟು ಗಂಟೆಯ ಸುಮಾರಿಗೆ ನನಗೆ ನಿದ್ದೆಗೂ ಎಚ್ಚರಕ್ಕೂ ನಡುವಿನ ಒಂದು ಸ್ಥಿತಿ ಬರುತ್ತಿತ್ತು. ನೀರು ಆಕಾಶವಾಗಿ, ಆಕಾಶ ನೀರಾಗಿ, ನಾನು ಯಾವುದರ ಮೇಲೆ ಕುಳಿತಿದ್ದೇನೆಂಬುದು ಮರೆತುಹೋಗುತ್ತಿತ್ತು. ಆ ಅರ್ಧ ಗಂಟೆಗಾಗಿ ನಾನು ವಾರವಿಡೀ ಅಂಗಡಿಯಲ್ಲಿ ಅಕ್ಷರಗಳ ಪಟ್ಟಿ ಓದಿಸುತ್ತಿದ್ದೆನೇನೋ.

ಕಳೆದ ಡಿಸೆಂಬರಿನ ಮೊದಲ ಐತವಾರ ಹೊನ್ನೂರಪ್ಪ ಬಂಡೆಯ ಮೇಲೆ ಕುಳಿತು ಹೇಳಿದ, “ಈ ಸಲ ಮಂಜು ಭಾಳ ಬಿದ್ದೈತಿ ಅಲ್ರಿ ಅಣ್ಣಾರ. ಆಚೀ ದಡಾನ ಕಾಣವಲ್ದು.”

ನಾನು ಹೌದೆಂದೆ. ಎದುರಿಗೆ ನೋಡಿದೆ. ಮಂಜು ಇತ್ತೋ ಇಲ್ಲವೋ ಎಂದು ಆಗ ವಿಚಾರ ಮಾಡಲಿಲ್ಲ. ಅವನ ದನಿಯಲ್ಲಿದ್ದ ಬೆರಗಿಗೆ ಮಂಜೇ ಚೆನ್ನಾಗಿ ಹೊಂದುತ್ತಿತ್ತು. ಮುಂದಿನ ವಾರವೂ ಅವನು ಅದೇ ಮಾತು ಹೇಳಿದ. “ನೀರಿನ ಮ್ಯಾಲೆ ಬಿಳೇ ಧೋತರ ಹಾಸಿದಂಗ ಐತಿ,” ಎಂದ. ಎಷ್ಟು ಚೆಂದದ ಮಾತು ಎಂದುಕೊಂಡು ಮತ್ತೆ ಹೌದೆಂದೆ. ಆ ದಿನ ನನಗೆ ಆಚೆ ದಡದ ಮರಗಳು ಒಂದೊಂದಾಗಿ ಕಾಣುತ್ತಿದ್ದವು. ಕಣ್ಣಿನ ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದವನಿಗೆ ಅಷ್ಟು ಸಾಕಾಗಬೇಕಿತ್ತು. ಸಾಕಾಗಲಿಲ್ಲ.

ಮೂರನೆಯ ವಾರ ಬಾತುಗಳ ಹಿಂಡೊಂದು ನಮ್ಮ ತಲೆಯ ಮೇಲೆ ಬಂತು. ಕೂಗು ಕೇಳಿದ ಕೂಡಲೇ ಹೊನ್ನೂರಪ್ಪ ಮುಖ ಮೇಲೆತ್ತಿ, “ಬಂದ್ರು ನೋಡ್ರಿ,” ಎಂದು ಎಡಕ್ಕೆ ಕೈ ತೋರಿಸಿದ. ಬಾತುಗಳು ಬಲಕ್ಕೆ ತಿರುಗಿ ಆಗಲೇ ನೀರಿಗಿಳಿಯುತ್ತಿದ್ದವು. ಅವನು ಮಾತ್ರ ಖಾಲಿ ಆಕಾಶವನ್ನು ಪ್ರೀತಿಯಿಂದ ನೋಡುತ್ತಲೇ ಇದ್ದ. ಓರೆಬಿಸಿಲು ಅವನ ಕಣ್ಣಿಗೆ ಬಿದ್ದಿತ್ತು. ಕಪ್ಪಗಿರಬೇಕಾದ ಪಾಪೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು, ಎರಡೂ ಕಣ್ಣಲ್ಲಿ. ಮಂಜು ಹಿನ್ನೀರಿನ ಮೇಲೆ ಇರಲೇ ಇಲ್ಲ.

ಕನ್ನಡದಲ್ಲಿ ಇದಕ್ಕೆ ಪೊರೆ ಎನ್ನುತ್ತೇವೆ. ಹಾವು ಬಿಟ್ಟು ಹೋಗುವುದೂ ಪೊರೆ. ಸಾಕಿ ಸಲಹುವುದಕ್ಕೂ ಪೊರೆಯುವುದು ಎನ್ನುತ್ತೇವೆ. ಒಂದೇ ಮಾತು ಇಷ್ಟು ಕೆಲಸ ಹೇಗೆ ಮಾಡುತ್ತದೆಂದು ಪಂಡಿತರು ಹೇಳಬೇಕು. ನನಗನಿಸುವುದಿಷ್ಟು. ಕಣ್ಣಿನ ಪೊರೆ ಒಂದು ಬಗೆಯಲ್ಲಿ ಅವನನ್ನು ಪೊರೆಯುತ್ತಿತ್ತು. ವರ್ಷಗಳಿಂದ ಒಂದೊಂದೇ ಎಳೆ ನೇಯ್ದು, ಪ್ರಪಂಚದ ಮೂಲೆಗಳನ್ನೆಲ್ಲ ಮೆತ್ತಗೆ ಮಾಡಿ, ನಿನಗೇನೂ ಆಗಿಲ್ಲ, ಹೊರಗೆ ಮಂಜು ಬಿದ್ದಿದೆ ಅಷ್ಟೇ ಎಂದು ಸಮಾಧಾನ ಹೇಳುತ್ತಿತ್ತು. ಆದರೆ ಆ ಕಣ್ಣುಗಳು ನಾಳೆ ಬೆಳಿಗ್ಗೆ ಬಸ್ಸು ಓಡಿಸಬೇಕಾಗಿತ್ತು.

ಆ ದಿನ ನಾನು ಏನೂ ಹೇಳಲಿಲ್ಲ. ಸರಿಯಾದ ಮಾತಿಗಾಗಿ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಮಂಗಳವಾರ ಸಂಜೆ ಅವನನ್ನು ಅಂಗಡಿಗೆ ಕರೆದು ಪಟ್ಟಿಯ ಮುಂದೆ ಕೂರಿಸಿದೆ. ಮೇಲಿನ ದೊಡ್ಡಕ್ಷರ ಓದಿದ. ಎರಡನೆಯ ಸಾಲಿಗೆ ನಕ್ಕ. ಮೂರನೆಯದಕ್ಕೆ ಎದ್ದು ನಿಂತ.

“ಕನ್ನಡಕ ಹಾಕಿದ್ರ ಸರಿ ಆಗ್ತದೇನು?” ಎಂದು ಕೇಳಿದ.

“ಇದು ನನ್ನ ಕೈಯಾಗಿನ ಕೆಲಸ ಅಲ್ಲ ಹೊನ್ನೂರಪ್ಪ. ಪೊರೆ ಬಂದೈತಿ. ಡಾಕ್ಟರ ಹತ್ರ ಹೋಗಬೇಕು. ಅಲ್ಲೀತನಕ ಗಾಡಿ ಹತ್ತಬ್ಯಾಡ.”

“ಈ ದಾರಿ ನನಗ ಕಣ್ಣು ಮುಚ್ಚಿದ್ರೂ ಗೊತ್ತೈತಿ. ನನ್ ಅನ್ನ ಕಸಗೊಳ್ಳೋ ಮಾತು ಆಡಬ್ಯಾಡ್ರಿ,” ಎಂದವನು ಚಪ್ಪಲಿ ಮೆಟ್ಟಿ ಇಳಿದುಹೋದ.

ಮುಂದಿನ ಐತವಾರ ಅವನ ಬೈಕು ಬರಲಿಲ್ಲ. ಮಂಕಿಕ್ಯಾಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಹೆಂಡತಿ ಶಾಂತಾ ಒಳಗೆ ಕರೆದಳು. ನಾನು ಎಲ್ಲ ಹೇಳಿದೆ. ಅವಳು ಚಹಾ ಸೋಸುತ್ತಲೇ ಕೇಳಿಸಿಕೊಂಡಳು.

“ಅವರಿಗೇನೋ ಹೇಳಿದ್ರಿ, ಸರಿ. ಆ ಬಸ್ಸಿನ್ಯಾಗ ಕುಂದ್ರೋರಿಗೆ ಯಾರು ಹೇಳ್ತಾರ?”

“ಮಾಲೀಕರಿಗೆ ಹೇಳಿದ್ರ ಅವನ ಕೆಲಸ ಹೋಗ್ತದ.”

“ಹಂಗಾದ್ರ ನೀವ ಹೋಗಿ ಅದರಾಗ ಕುಂದ್ರಿ. ನಿಮಗ ಅಂಜಿಕಿ ಆಗತೈತೋ ಇಲ್ಲೋ ನೋಡ್ರಿ.”

ಸೋಮವಾರ ಬೆಳಿಗ್ಗೆ ನಾನು ಆ ಬಸ್ಸು ಹತ್ತಿದೆ. ತೋರಣಗಲ್ಲಿನಲ್ಲಿ ಕೆಲಸವಿದೆ ಎಂದೆ. ಹೊನ್ನೂರಪ್ಪ ನನ್ನ ಮುಖ ನೋಡದೆ ಇಂಜಿನ್ನಿನ ಪಕ್ಕದ ಸೀಟು ತೋರಿಸಿದ. ಹಿಂದೆ ನಲವತ್ತು ಜನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಅರ್ಧ ನಿದ್ದೆಯಲ್ಲಿ, ಒಬ್ಬರ ಭುಜದ ಮೇಲೊಬ್ಬರು ವಾಲಿಕೊಂಡಿದ್ದರು. ಅವರ ನೆಮ್ಮದಿ ನೋಡಿ ನಾನು ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಊರು ದಾಟಿದ ಮೇಲೆ ರಸ್ತೆ ಮೂಡಣಕ್ಕೆ ತಿರುಗುತ್ತದೆ. ಸೂರ್ಯ ಆಗಷ್ಟೇ ಎದ್ದಿದ್ದ. ಅದಿರಿನ ಧೂಳು ಹಿಡಿದ ಗಾಜಿನ ತುಂಬ ಬೆಳಕು ಹರಡಿ ನನಗೇ ಮುಂದಿನದು ಸರಿಯಾಗಿ ಕಾಣುತ್ತಿರಲಿಲ್ಲ. ಅವನು ಗತಿ ಕಡಿಮೆ ಮಾಡಿದ್ದ, ಕತ್ತು ಮುಂದೆ ಚಾಚಿದ್ದ. ದಾರಿ ಅವನಿಗೆ ನಿಜವಾಗಿಯೂ ಗೊತ್ತಿತ್ತು. ಪ್ರತಿ ರಸ್ತೆಯುಬ್ಬು, ಪ್ರತಿ ತಿರುವು ನೆನಪಿನಿಂದಲೇ ಬರುತ್ತಿತ್ತು. ಪಾಪಿನಾಯಕನಹಳ್ಳಿ ದಾಟಿದ ಮೇಲೆ ನೆನಪಿನಲ್ಲಿಲ್ಲದ್ದೊಂದು ರಸ್ತೆಗೆ ಬಂತು.

ಕುರಿಯ ಹಿಂಡು. ಅದರ ಮಧ್ಯೆ ಒಬ್ಬ ಹೆಂಗಸು ಕೋಲು ಎತ್ತಿ ನಿಂತಿದ್ದಳು. ಬಸ್ಸು ಅದೇ ಗತಿಯಲ್ಲಿ ಹೋಗುತ್ತಿತ್ತು. ನಾನು ಅವನ ತೋಳು ಹಿಡಿದೆ.

“ನಿಲ್ಲಿಸು ಹೊನ್ನೂರಪ್ಪ. ಮುಂದ ಮನುಷ್ಯರದಾರ.”

ಅವನು ಏನೆಂದು ಕೇಳಲಿಲ್ಲ, ವಾದಿಸಲಿಲ್ಲ. ಬ್ರೇಕಿನ ಮೇಲೆ ನಿಂತೇಬಿಟ್ಟ. ಡಬ್ಬಿಗಳು ಉರುಳಿದವು, ಯಾರದೋ ಹಣೆ ಸೀಟಿಗೆ ಬಡಿಯಿತು. ಬಸ್ಸು ನಿಂತಾಗ ಕೋಲು ಹಿಡಿದ ಹೆಂಗಸು ಬಂಪರಿನಿಂದ ಎರಡು ಮಾರು ದೂರದಲ್ಲಿದ್ದಳು. ಓಡಲು ಕೂಡ ಅವಳಿಗೆ ಆಗಿರಲಿಲ್ಲ. ಕುರಿಗಳು ಏನೂ ನಡೆದಿಲ್ಲವೆಂಬಂತೆ ದಾಟುತ್ತಿದ್ದವು. ಅವುಗಳ ಗೊರಸಿನ ಸದ್ದು ಕೇಳುತ್ತ ಹೊನ್ನೂರಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕುಳಿತಿದ್ದ.

“ಏನಾತು ಹೊನ್ನೂರಣ್ಣ?” ಎಂದು ಹಿಂದಿನಿಂದ ಕ್ಯಾಂಟೀನಿನ ಕೆಲಸದ ಹೆಂಗಸೊಬ್ಬಳು ಕೇಳಿದಳು.

“ನನಗ ಅವು ಕಾಣಲಿಲ್ಲವ್ವ,” ಎಂದ ಅವನು.

ಹಿಂಡು ದಾಟಿದ ಮೇಲೆ ಬಸ್ಸನ್ನು ರಸ್ತೆಯಿಂದ ಇಳಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿದ. ಕೀಲಿ ತೆಗೆದ. ಎದ್ದು ಜನರ ಕಡೆ ತಿರುಗಿದ. “ಯಾರೂ ಸಿಟ್ಟಾಗಬ್ಯಾಡ್ರಿ. ನನ್ ಕಣ್ಣಿಗೆ ಪೊರಿ ಬಂದಾವ. ಮಂಜು ಅಂತ ತಿಳಕೊಂಡಿದ್ದೆ. ಅಣ್ಣಾರು ಹೇಳಿದ ಮ್ಯಾಲೂ ವಾರದಿಂದ ನಿಮ್ಮನ್ನ ಹಂಗ ಕರಕೊಂಡು ಹೋಗೀನಿ. ತಪ್ಪಾತು. ಬ್ಯಾರೆ ಡ್ರೈವರ್ ಬರತಾನ, ಕುಂದ್ರಿ.” ನಿಂತಲ್ಲೇ ಮಾಲೀಕರಿಗೆ ಫೋನು ಮಾಡಿ ಅದೇ ಮಾತನ್ನು, ಒಂದು ಅಕ್ಷರ ಕಡಿಮೆ ಮಾಡದೆ, ಹೇಳಿದ.

ಹಣೆ ತಾಗಿಸಿಕೊಂಡ ಫಿಟ್ಟರ್ ಒಬ್ಬ ಊದಿದ ಜಾಗ ಒತ್ತಿಕೊಳ್ಳುತ್ತ, “ಮೊದಲ ಹೇಳಬಾರದೇನು ಕಾಕಾ,” ಎಂದ. ಅದು ನ್ಯಾಯವಾದ ಮಾತು. ಹೊನ್ನೂರಪ್ಪನಿಗಿಂತ ನನಗೇ ಹೆಚ್ಚು ತಾಗಿತು. ಬೇರೆ ಡ್ರೈವರ್ ಬರಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಆ ಕ್ಯಾಂಟೀನಿನ ಹೆಂಗಸು ತನ್ನ ಡಬ್ಬಿ ಬಿಚ್ಚಿ ನಮ್ಮಿಬ್ಬರಿಗೂ ಅರ್ಧರ್ಧ ರೊಟ್ಟಿ ಕೊಟ್ಟಳು. ಬೇವಿನ ನೆರಳಲ್ಲಿ ನಿಂತು ತಿಂದೆವು.  

ಮಾಲೀಕರು ಬೈದರು, ಆಮೇಲೆ ಕಣ್ಣು ಸರಿ ಮಾಡಿಸಿಕೊಂಡು ಡಾಕ್ಟರ ಕಾಗದ ತಂದರೆ ನೋಡೋಣ ಎಂದರು. ಜನವರಿಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಅವನ ಹೆಂಡತಿ ಹುಲಿಗೆಮ್ಮ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಜೊತೆ ಕುಳಿತು ಒಂದೇ ಮಾತು ಕೇಳಿದಳು, “ಕಣ್ಣಿಗೆ ಸೂಜಿ ಚುಚ್ಚತಾರೇನ್ರಿ?” ಕಣ್ಣಿನ ವಿಷಯ ನನಗೆಲ್ಲ ಗೊತ್ತೆಂದು ಅವಳು ನಂಬಿದ್ದಳು. ನನಗೆ ಗೊತ್ತಿರಲಿಲ್ಲ. ಏನೂ ಆಗುವುದಿಲ್ಲ ಎಂದು ಹೇಳಿ ನಾನೂ ಬಾಗಿಲನ್ನೇ ನೋಡುತ್ತ ಕುಳಿತೆ. ಪಟ್ಟಿ ಬಿಚ್ಚಿದಾಗ ಹೊನ್ನೂರಪ್ಪ ಮೊದಲು ನೋಡಿದ್ದು ಗೋಡೆಯನ್ನು. “ಇದು ನೀಲಿ ಐತೇನು?” ಎಂದು ನರ್ಸನ್ನು ಕೇಳಿದ. ನೀಲಿಯೇ ಇತ್ತು. ಹಿಂದಿನ ದಿನ ಅವನಿಗೆ ಅದು ಮಾಸಿದ ಹಳದಿಯಾಗಿ ಕಂಡಿತ್ತಂತೆ. ಅವನು ಸ್ವಲ್ಪ ಹೊತ್ತು ಆ ಗೋಡೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಫೆಬ್ರವರಿಯ ಮೊದಲ ಐತವಾರ ನಾವು ಮತ್ತೆ ಹಿನ್ನೀರಿಗೆ ಹೋದೆವು, ಬಸ್ಸಿನಲ್ಲಿ. ಬೀಗರು ಇನ್ನೂ ಹೊರಟಿರಲಿಲ್ಲ. ನಾನು ದುರ್ಬೀನು ಅವನ ಕೈಗೆ ಕೊಟ್ಟೆ. ಅವನು ಹಕ್ಕಿಗಳನ್ನು ನೋಡುವ ಮೊದಲು ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ಅಣ್ಣಾರ, ನಿಮಗ ಇಷ್ಟು ವಯಸ್ಸಾಗೇತಿ ಅಂತ ನಾ ತಿಳಕೊಂಡಿರಲಿಲ್ರಿ.”

ಆಮೇಲೆ ನೀರಿನ ಕಡೆ ತಿರುಗಿದ. ಬೆಳ್ಳನೆಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳು, ಹಳದಿ ಕೊಕ್ಕು, ಕೊಕ್ಕಿನಲ್ಲಿ ಸಿಕ್ಕ ಹುಲ್ಲಿನೆಸಳು. ಒಂದೊಂದನ್ನೇ ಕಂಡು ಕಂಡು ಹೇಳಿದ. ಹೇಳುವುದನ್ನು ನಿಲ್ಲಿಸಿ ಸುಮ್ಮನೆ ನೋಡಿದ. ದುರ್ಬೀನು ಇಳಿಸಿದಾಗ ಕಣ್ಣು ಒದ್ದೆಯಾಗಿತ್ತು. ಔಷಧಿಯ ಹನಿಯೆಂದ. ನಾನು ಹೌದೆನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.

“ಆ ಎರಡು ವಾರ ನೀವೂ ಮಂಜು ಐತಿ ಅಂದ್ರೆಲ್ರಿ,” ಎಂದ ದುರ್ಬೀನು ನನ್ನ ಕೈಗೆ ಕೊಡುತ್ತ.

“ಅಂದೆ. ನನ್ನದ ತಪ್ಪು. ನಿನಗ ಬ್ಯಾಸರ ಆಗಬಾರದು ಅಂತ ಅಂದಿದ್ದೆ.”

ಅವನು ಬಂಡೆಯ ಮೇಲೆ ನನಗೆ ಜಾಗ ಬಿಟ್ಟು ಸರಿದು ಕುಳಿತ. ನಮ್ಮ ನಡುವೆ ಕ್ಷಮೆ ಕೇಳಿ ಕೊಟ್ಟದ್ದು ಅಷ್ಟೇ.

ಎರಡನೆಯ ಕಣ್ಣಿನ ಆಪರೇಷನ್ ಆ ತಿಂಗಳ ನಡುವೆ ಆಯಿತು. ಹುಲಿಗೆಮ್ಮ ಗಂಡನನ್ನು ಕಂಪ್ಲಿಗೆ, ತನ್ನ ತವರಿಗೆ ಕರೆದೊಯ್ದಳು. ತಾಸಿಗೊಮ್ಮೆ ಹನಿ ಹಾಕುವ ಕೆಲಸ ಅವಳದು. ಒಂದು ಭಾನುವಾರ ನಾನು ನೋಡಲು ಹೋದಾಗ ಬೆಳಗಿನ ಬಿಸಿಲು ಹಿತವಾಗಿತ್ತು. ಮೂವರೂ ಹೊಳೆಯ ದಂಡೆಗೆ ಹೋದೆವು. ಕಂಪ್ಲಿಯ ಹೊಳೆ ಬಂಡೆಗಳ ನಡುವೆ ಹಲವು ಕವಲಾಗಿ, ತಾನು ಯಾವ ಕಡೆ ಹೋಗಬೇಕೆಂದು ಇನ್ನೂ ಗಟ್ಟಿ ಮಾಡದವರ ಹಾಗೆ ನಿಧಾನ ಹರಿಯುತ್ತದೆ. ಆಪು ಹುಲ್ಲಿನ ತುದಿಗಳು ಹೊಳೆಯುತ್ತಿದ್ದವು. ಆಕಾಶದಲ್ಲಿ ಬಾತುಗಳ ದನಿ ಕೇಳಿ ನಾವಿಬ್ಬರೂ ಕತ್ತೆತ್ತಿದೆವು. ಬೀಗರು ಹೊರಟಿದ್ದರು. ಬಡಗಣಕ್ಕೆ, ಎತ್ತರದಲ್ಲಿ, ಒಂದು ಓರೆ ಗೆರೆ. ಹೊಸ ಕಣ್ಣುಗಳಿಂದ ಹೊನ್ನೂರಪ್ಪ ಒಂದೊಂದನ್ನೂ ಎಣಿಸುತ್ತಿದ್ದ. ನಾನು ದುರ್ಬೀನಿನಲ್ಲಿ ಅವನ ಜೊತೆ ಪೈಪೋಟಿಗೆ ಬಿದ್ದಿದ್ದೆ.

ಹುಲಿಗೆಮ್ಮ ನಮಗೆ ಬೆನ್ನು ಮಾಡಿ ನೀರಲ್ಲಿ ಕಾಲು ಬಿಟ್ಟು ಕುಳಿತಿದ್ದಳು. ಹಕ್ಕಿ ನೋಡುವುದರಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ. ಹನಿ ಹಾಕುವ ಹೊತ್ತಾಯಿತೇ ಎಂದು ಮಾತ್ರ ನೋಡುತ್ತಿದ್ದಳು.

“ಏನ್ರಿ, ನೀರಾಗ ನಾಯಿ ಹೊಂಟೈತಿ,” ಎಂದಳು, ಅಂಥ ವಿಶೇಷವೇನೂ ಇಲ್ಲದ ದನಿಯಲ್ಲಿ.

ನಾವು ತಿರುಗುವಷ್ಟರಲ್ಲಿ ನೀರಿನ ಮೇಲೆ ಅಲೆಯ ಬಳೆಗಳು ಮಾತ್ರ ದೊಡ್ಡದಾಗುತ್ತಿದ್ದವು. ನೀರುನಾಯಿ. ಹಂಪಿಯಿಂದ ಕಂಪ್ಲಿಯವರೆಗಿನ ಈ ಹೊಳೆಯಲ್ಲಿ ಅವು ಇವೆಯೆಂದು ಎಲ್ಲರೂ ಹೇಳುತ್ತಾರೆ. ಆರು ವರ್ಷದಲ್ಲಿ ನಾವಿಬ್ಬರೂ ಒಂದನ್ನೂ ಕಂಡಿರಲಿಲ್ಲ. ಬಂಡೆಗಳ ಮೇಲೆ ಮೊಣಕಾಲೂರಿ, ದುರ್ಬೀನನ್ನು ಕೈಯಿಂದ ಕೈಗೆ ದಾಟಿಸುತ್ತ, ಬಿಸಿಲು ಸುಡುವವರೆಗೆ ಕಾದೆವು. ಅದು ಮತ್ತೆ ಮೇಲೆ ಬರಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ, ಬಾಳೆತೋಟದ ಬದುವಿನ ಮೇಲೆ, ಹೊನ್ನೂರಪ್ಪ ಹೆಂಡತಿಯನ್ನು ಕೇಳಿದ, “ಹೆಂಗಿತ್ತು ಹೇಳು.”

“ಹೇಳಿದೆನಲ್ಲ. ಮೈಯೆಲ್ಲಾ ನುಣ್ಣಗ, ಎಣ್ಣಿ ಹಚ್ಚಿದಂಗ. ಬಾಯಾಗ ಮೀನ ಇತ್ತು. ಈ ಕಡೆ ಒಮ್ಮಿ ನೋಡ್ತು. ಭಾಳ ಕೆಲಸ ಐತಿ ಅನ್ನೋರಂಗ ಹೋಗಿಬಿಡ್ತು.”

ನಾವು ಇನ್ನಷ್ಟು ದೂರ ನಡೆದೆವು.

“ಮೀಸಿ ಇದ್ವೇನು?” ಎಂದು ನಾನು ಕೇಳಿದೆ.

“ಇದ್ವು ಅಣ್ಣಾರ.”

“ಎಷ್ಟುದ್ದ?” ಎಂದ ಹೊನ್ನೂರಪ್ಪ.

ಹುಲಿಗೆಮ್ಮ ನಿಂತಳು. ಸ್ವಲ್ಪ ಯೋಚಿಸಿದಳು. ಆಮೇಲೆ ತೋರುಬೆರಳನ್ನು ಮುಂದೆ ಚಾಚಿ, ಹೆಬ್ಬೆರಳಿನಿಂದ ಅದರ ಎರಡನೆಯ ಗೆಣ್ಣಿನವರೆಗೆ ಅಳತೆ ಮಾಡಿ ತೋರಿಸಿದಳು. ನಾವಿಬ್ಬರೂ ತಲೆ ಬಾಗಿಸಿ ಆ ಬೆರಳನ್ನು ಹತ್ತಿರದಿಂದ ನೋಡಿದೆವು.